ಕಂಪಿಲ್ಲದ ಕಾಫಿ

ತಲೆಗೆ ಪೆಟ್ಟು ಬಿದ್ದು, ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದವನು ಮೊದಲ ತುತ್ತಿಗೇ ಮುಖ ಸಿಂಡರಿಸುತ್ತಾನೆ. ಸಾರಿನಲ್ಲಿ ಸ್ವಾದವಿಲ್ಲ, ಪಲ್ಯ ಸಪ್ಪೆ, ಕಾಫಿಯೋ ಬರಿಯ ಕಹಿ ನೀರು. ಮಡದಿ ಮರುದಿನದ ಒಗ್ಗರಣೆಗೆ ಇನ್ನಷ್ಟು ಇಂಗು ಹಾಕಿ ನೋಡುತ್ತಾಳೆ. ಜ್ವರ ಬಿಟ್ಟವರಿಗೆ ಆಗುವಂತೆ ಬಾಯಿ ಕೆಟ್ಟಿದೆ, ನಾಲ್ಕು ದಿನಕ್ಕೆ ಸರಿಹೋದೀತು ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಕೆಟ್ಟಿರುವುದು ಬಹುಮಟ್ಟಿಗೆ ಬಾಯಲ್ಲ, ಮೂಗು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ನಾಲಗೆಯ ಬಲ್ಲತನ ಸ್ವಲ್ಪವೇ. ಸಿಹಿ, ಹುಳಿ, ಉಪ್ಪು, ಕಹಿ, ಇವುಗಳೊಡನೆ 1908ರಲ್ಲಿ ಜಪಾನಿನ ವಿಜ್ಞಾನಿ ಇಕೆಡಾ ಗುರುತಿಸಿದ 'ಉಮಾಮಿ'. (ನಮ್ಮವರು ಷಡ್ರಸಗಳಲ್ಲಿ ಎಣಿಸಿದ ಖಾರವನ್ನು ಇಂದಿನ ಶಾಸ್ತ್ರ ರುಚಿಯೆನ್ನದೆ ಉರಿಯೆನ್ನುತ್ತದೆ.) ಮಿಕ್ಕದ್ದೆಲ್ಲ ಗಂಧ. ಅಗಿಯುವಾಗ ಆಹಾರದ ಆವಿ ಗಂಟಲ ಹಿಂಬದಿಯಿಂದ ಮೂಗಿಗೇರುತ್ತದೆ. ಮೂಗನ್ನು ಬಿಗಿಹಿಡಿದು ಏಲಕ್ಕಿ ಹಾಕಿದ ಪಾಯಸವನ್ನು ಬಾಯಿಗಿಟ್ಟವರಿಗೆ ಇದು ಆ ಕ್ಷಣವೇ ತಿಳಿದೀತು: ಸಿಹಿಯುಂಟು, ಪಾಯಸವಿಲ್ಲ!

ಮೂಗಿನ ಮೇಲ್ಭಾಗಕ್ಕೂ ಮಿದುಳಿಗೂ ನಡುವೆ ಜರಡಿಯಂತೆ ರಂಧ್ರಗಳಿರುವ ತೆಳುವಾದ ಎಲುಬೊಂದಿದೆ. ಗಂಧವನ್ನು ಒಯ್ಯುವ ನರದ ಎಳೆಗಳು ಆ ರಂಧ್ರಗಳ ಮೂಲಕ ಮೇಲೇರುತ್ತವೆ. ಪೆಟ್ಟಿನ ರಭಸಕ್ಕೆ ಮಿದುಳು ಕಪಾಲದೊಳಗೆ ಜರುಗಿದಾಗ ಈ ಸೂಕ್ಷ್ಮ ಎಳೆಗಳು ಹರಿದುಹೋಗಬಹುದು. ಬಿದ್ದ ಪೆಟ್ಟು ತಲೆಯ ಹಿಂಬದಿಗಾದರೂ ಹೀಗಾಗುವುದುಂಟು. ಇಂಗ್ಲೆಂಡಿನ ವೈದ್ಯ ವಿಲಿಯಂ ಓಗಲ್ 1870ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ಗಂಧವನ್ನು ಗ್ರಹಿಸುವ ಮಿದುಳಿನ ಭಾಗವೇ ಜಜ್ಜಿದ್ದರೆ ಕಷ್ಟ ಇನ್ನೊಂದು ಬಗೆಯದು: ಕೆಲವರಿಗೆ ಹಿತವಾದ ವಾಸನೆ ಹೇಸಿಗೆಯಾಗಿ ತೋರುತ್ತದೆ, ಕೆಲವರಿಗೆ ಏನೂ ಇಲ್ಲದೆಡೆ ಸುಟ್ಟ ನಾತ ಬರುತ್ತದೆ.

ಕುರುಡನಿಗೆ ಜನ ಕೈಕೊಡುತ್ತಾರೆ. ಮೂಗು ಸತ್ತವನನ್ನು ಕಂಡು ನಗುವವರೇ ಹೆಚ್ಚು. ಆದರೆ ಹಾಲು ಕೆಟ್ಟಿದ್ದೂ ಬಟ್ಟೆಗೆ ಕಿಡಿ ತಗುಲಿದ್ದೂ ಅವನಿಗೆ ತಿಳಿಯದು. ಅಡಿಗೆಯ ಅನಿಲ ಸೋರಿದರೆ ಗೊತ್ತಾಗಲೆಂದೇ ಅದಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಅವನ ಪಾಲಿಗೆ ಆ ಎಚ್ಚರಿಕೆಯೂ ವ್ಯರ್ಥ. ಎತ್ತಿಕೊಂಡ ಮಗುವಿನ ನೆತ್ತಿಯ ಕಂಪು ಕೂಡ ಅವನಿಗಿಲ್ಲ.

ನರದ ಎಳೆಗಳು ಮತ್ತೆ ಚಿಗುರುವ ಶಕ್ತಿಯುಳ್ಳವು. ಕೆಲವರಿಗೆ ತಿಂಗಳುಗಳಲ್ಲಿ ಅಷ್ಟಿಷ್ಟು ಮರಳುತ್ತದೆ, ಅನೇಕರಿಗೆ ಮರಳುವುದೇ ಇಲ್ಲ. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಭ್ಯಾಸವನ್ನು ಸೂಚಿಸಿದರು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆರಡು ಬಾರಿಯಂತೆ 12 ವಾರ ಮೂಸುವುದು. ಕೆಲವರಿಗೆ ಫಲ ದೊರೆಯಿತು. ಖರ್ಚಿಲ್ಲದ ಉಪಾಯ, ಆದರೆ ಭರವಸೆ ಕೊಡಲಾಗದ್ದು.

ನರರೋಗತಜ್ಞ ಆಲಿವರ್ ಸ್ಯಾಕ್ಸ್ ತಮ್ಮ 1985ರ ಪುಸ್ತಕದಲ್ಲಿ ಇಂಥ ರೋಗಿಯೊಬ್ಬನನ್ನು ವರ್ಣಿಸಿದ್ದಾರೆ. ಪೆಟ್ಟಿನಿಂದ ಗಂಧವೆಲ್ಲ ಹೋದಾಗ ಆತನಿಗೆ ಕಣ್ಣೇ ಹೋದಂತೆನಿಸಿತ್ತು. ಕೆಲವು ತಿಂಗಳ ತರುವಾಯ ಬೆಳಗಿನ ಕಾಫಿಗೆ ಹಳೆಯ ಸ್ವಾದ ಬಂದಂತಾಯಿತು. ನಂಬಲಾರದೆ, ಬಹುಕಾಲದಿಂದ ಮುಟ್ಟದಿದ್ದ ಪೈಪನ್ನು ಹಚ್ಚಿದ; ಅದರಲ್ಲಿಯೂ ಹಳೆಯ ಕಂಪು! ಹಿಗ್ಗಿನಿಂದ ವೈದ್ಯರ ಬಳಿಗೆ ಓಡಿದ. ಪರೀಕ್ಷೆಯಲ್ಲಿ ಮೂಗು ಎಳ್ಳಷ್ಟೂ ಚೇತರಿಸಿರಲಿಲ್ಲ. ಕಾಫಿಗೆ ಪರಿಮಳ ತುಂಬುತ್ತಿದ್ದುದು ಆತನ ನೆನಪು. ಮುಂದೆ ಆ ಶಕ್ತಿ ಬೆಳೆದು, ವಸಂತಕಾಲದ ಗಾಳಿಯ ಕಂಪೂ ಆತನಿಗೆ ಬರತೊಡಗಿತು.