ಇಡ್ಲಿಗೆ ಒದಗುವ ಅಕ್ಕಿ

ಜೋಳ, ಕಡಲೆ, ಹೆಸರುಗಳೇ ಎರೆಹೊಲದ ಸಹಜಸಂಪತ್ತಾಗಿ, ರೊಟ್ಟಿಯೇ ನಿತ್ಯದ ಆಹಾರವಾಗಿರುವ ರೋಣ ಸೀಮೆಯ ಮುಶಿಗೇರಿಯಂತಹ ಊರುಗಳಲ್ಲಿ ಅಕ್ಕಿಯು ಹೊಲದಿಂದಲ್ಲ, ಅಂಗಡಿಯಿಂದ ಮನೆಗೆ ಬರತಕ್ಕ ಧಾನ್ಯ. ತುಂಗಭದ್ರೆಯ ಕಾಲುವೆ ಹರಿದ ಗಂಗಾವತಿಯ ಸೀಮೆಯ ಸೋನಾಮಸೂರಿಯನ್ನು ಕಂಡು ಮೆಚ್ಚಿದ ಗೃಹಿಣಿಯು, ಅನ್ನಕ್ಕೆ ಶೋಭಿಸುವ ಆ ಬಿಳುಪನ್ನೂ ಸಣ್ಣತನವನ್ನೂ ಇಡ್ಲಿಗೂ ಪ್ರಮಾಣವೆಂದು ಭಾವಿಸುವುದು ಸಹಜವಾದರೂ, ಇಡ್ಲಿಯ ನ್ಯಾಯವೇ ಬೇರೆ.

ಇಡ್ಲಿಗೆ ಅಕ್ಕಿ ಸೇರಿದ್ದೇ ತಡವಾಗಿ. 10ನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಹೆಸರಿದೆ; 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ವು ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ ಅರೆಯುವ ವಿಧಾನವನ್ನು ಹೇಳುತ್ತದೆ; ಈ ರೋಣ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿಯೂ ಉದ್ದೇ ಪ್ರಧಾನ, ಅಕ್ಕಿಯ ಮಾತಿಲ್ಲ.

ಇಂದಿನ ಇಡ್ಲಿಗೆ ಉತ್ತಮವಾದುದು ದಪ್ಪ ಕಾಳಿನ ಕುಸುಬಲಕ್ಕಿ. ಭತ್ತವನ್ನು ನೆನೆಯಿಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಕುಟ್ಟಿಸುವುದರಿಂದ ಕಾಳಿನೊಳಗಿನ ಪಿಷ್ಟವು ಒಮ್ಮೆ ಮೆತ್ತಗಾಗಿ ಮರಳಿ ಗಟ್ಟಿಗೊಂಡಿರುತ್ತದೆ. ತನ್ನಿಮಿತ್ತ ಅದು ರವೆಯಂತೆ ಉರುಟುರುಟಾಗಿ ರುಬ್ಬಲ್ಪಟ್ಟು, ಬೆಂದ ಮೇಲೂ ಅಂಟಾಗದೆ ಮೃದುವಾಗಿ ಉಳಿಯುತ್ತದೆ. ಅಂಗಡಿಯ ಇಡ್ಲಿ ರವಾದ ಗುಣವೂ ಬಹುತೇಕ ಇದೇ. ಅನ್ನಕ್ಕೆ ಯಾರೂ ಆದರಿಸದ ನ್ಯಾಯಬೆಲೆ ಅಂಗಡಿಯ ದಪ್ಪ ಅಕ್ಕಿಯೂ ಇಡ್ಲಿಗೆ ಚೆನ್ನಾಗಿಯೇ ಒದಗುತ್ತದೆ. ಈ ವಿಷಯದಲ್ಲಿ ಅಗ್ಗದ್ದೆಂಬ ತಿರಸ್ಕಾರ ಸಲ್ಲದು. ಹೊಸ ಅಕ್ಕಿಯು ಮಾತ್ರ ಜಿಗುಟಾಗುವುದರಿಂದ ಹಳೆಯದೇ ಲೇಸು.

ಮೊರದಲ್ಲಿ ಕೇರಿ ಹಸನು ಮಾಡಿದ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಐದಾರು ತಾಸು ನೆನೆಹಾಕಬೇಕು. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದಿನಬೇಳೆ ಸಾಕು. ಬೇಳೆ ಹಳೆಯದಾದರೆ ತುಸು ಹೆಚ್ಚಿರಲಿ. ಉದ್ದನ್ನು ನಾಲ್ಕು ಕಾಳು ಮೆಂತೆಯೊಡನೆ ಬೇರೆಯೇ ನೆನೆಯಿಸಿ, ತಣ್ಣೀರು ಚಿಮುಕಿಸುತ್ತ ನೊರೆಯುಬ್ಬುವಂತೆ ನುಣ್ಣಗೆ ರುಬ್ಬಬೇಕು. ಅಕ್ಕಿಯನ್ನು ಹಾಗೆ ನುಣ್ಣಗೆ ರುಬ್ಬಿದರೆ ಇಡ್ಲಿ ಗಟ್ಟಿಯಾಗುತ್ತದೆ. ಎರಡನ್ನೂ ಕೂಡಿಸಿ ಕೈಯಿಂದ ಕಲಸಿಟ್ಟರೆ ಎಂಟು-ಹನ್ನೆರಡು ತಾಸುಗಳಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿಸುವ ಅನಿಲವು ಉದ್ದಿನ ಲೋಳೆಯಲ್ಲಿ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಬೇಸಿಗೆಯಲ್ಲಿ ಬೇಗ ಹುಳಿಯೇರುತ್ತದೆ. ಚಳಿಗಾಲದಲ್ಲಿ ಪಾತ್ರೆಯನ್ನು ಬೆಚ್ಚಗಿನ ಮೂಲೆಯಲ್ಲಿಡಬೇಕು.

ಅಂಗಡಿಯಿಂದ ಹೊಸ ಬಗೆಯ ಅಕ್ಕಿಯನ್ನು ತಂದಾಗ ಮೊದಲು ಒಂದು ಪಾವಿನಷ್ಟನ್ನು ಮಾತ್ರ ನೆನೆಹಾಕಿ ಪರೀಕ್ಷಿಸಿರಿ. ಅಪರಿಚಿತ ಅಕ್ಕಿಯನ್ನು ಹಬ್ಬದ ಹಿಂದಿನ ರಾತ್ರಿ ನಂಬಬೇಡಿರಿ.