ಮನೆಯ ಕಾರ್ ಶೆಡ್ಡಿಗೆ ರಬ್ಬರ್ ಟೈಲ್ಸ್: ಖರೀದಿಗೆ ಮುನ್ನ

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ಕಡೆ ಕಲ್ಲಿಗೆ ಬರವಿಲ್ಲ. ಆದರೂ ಮನೆಯ ಕಾರ್ ಶೆಡ್ಡಿಗೆ ರಬ್ಬರ್ ಟೈಲ್ಸ್ ಹಾಸಬಯಸುವ ವರ್ತಕರು ಬೆಲೆಗಿಂತ ಮೊದಲು ರಬ್ಬರಿನ ಜಾತಿಯನ್ನು ವಿಚಾರಿಸಬೇಕು.

ಅಗ್ಗದ ಟೈಲ್ಸ್‌ಗಳಲ್ಲಿ ಬಹುಪಾಲು ಹಳೆಯ ಟೈರುಗಳ ಪುಡಿಯನ್ನು ಪಾಲಿಯುರೆಥೇನ್ ಅಂಟಿನೊಡನೆ ಒತ್ತಿ ತಯಾರಿಸಿದವು. ಇವು ಕಾಲಿಗೆ ಹಿತ. ಸ್ಪ್ಯಾನರ್ ಬಿದ್ದರೂ ಒಡೆಯವು. ಆದರೆ ಟೈರಿನ ರಬ್ಬರು ಪೆಟ್ರೋಲ್ ಹಾಗೂ ಎಂಜಿನ್ ಆಯಿಲನ್ನು ಹೀರಿ ಊದಿಕೊಳ್ಳುತ್ತದೆ. ಕ್ರಮೇಣ ಮೆತ್ತಗಾಗಿ ಉದುರುತ್ತದೆ. ತೈಲವನ್ನು ತಾಳುವುದು ನೈಟ್ರೈಲ್ ರಬ್ಬರು, ಅದು ದುಬಾರಿ. ಪಿ.ವಿ.ಸಿ. ಟೈಲ್ಸನ್ನು ರಬ್ಬರೆಂದು ಕರೆದು ಮಾರುವುದೂ ಉಂಟು. ಅದಕ್ಕೆ ತೈಲದ ಭಯ ಕಡಿಮೆಯಾದರೂ ಬಿಸಿ ಟೈರಿನ ಕಲೆ ಹೋಗಲಾರದು. ಆದ್ದರಿಂದ ಮಾದರಿಯೊಂದನ್ನು ಪಡೆದು, ದಪ್ಪ ಅಳೆದು, ಅದರ ಮೂಲೆಯನ್ನು ಎರಡು ಮೂರು ದಿನ ಎಂಜಿನ್ ಆಯಿಲಿನಲ್ಲಿ ಅದ್ದಿಟ್ಟು, ಮತ್ತೆ ಅಳೆಯುವುದು ಲೇಸು. ಮಾರುವವರ ಮಾತಿಗಿಂತ ಈ ಅಳತೆ ನಂಬಲರ್ಹ.

ನೆಲದ ತೇವವೂ ಶತ್ರುವೇ. ಸುಮಾರು ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಕಾಂಕ್ರೀಟಿಗೆ ಟೇಪಿನಿಂದ ಅಂಟಿಸಿ 16 ಗಂಟೆ ಬಿಡಬೇಕು. ಅಡಿಯಲ್ಲಿ ಹನಿಗಳು ಕಂಡರೆ ಅಥವಾ ನೆಲ ಕಪ್ಪಾದರೆ ಅಂಟು ಬಳಿದು ಟೈಲ್ಸ್ ಹಾಕಿಸುವುದು ಹಣ ಪೋಲು ಮಾಡಿದಂತೆಯೇ. ಅಂಥಲ್ಲಿ ಒಂದಕ್ಕೊಂದು ಹಲ್ಲು ಕಚ್ಚಿ ಕೂರುವ ಬಿಡಿ ಟೈಲ್ಸ್ ಮೇಲು. ಬೇಕಾದಾಗ ಎತ್ತಿ ಒಣಗಿಸಬಹುದು.

ಹೊಸ ರಬ್ಬರಿನ ವಾಸನೆ ಬೇಗ ಹೋಗದು. ಶೆಡ್ಡಿನಲ್ಲಿಯೇ ಧಾನ್ಯದ ಮೂಟೆ ಇಡುವವರು ಇದನ್ನು ಗಮನಿಸಬೇಕು. ಎಣ್ಣೆ ಸೋರುವ ಹಳೆಯ ವಾಹನವಿದ್ದರೆ, ಚಕ್ರ ನಿಲ್ಲುವೆಡೆ ಒರಟು ಗ್ರಾನೈಟ್ ಚಪ್ಪಡಿ ಹಾಕಿಸಿ, ರಬ್ಬರನ್ನು ಕೆಲಸದ ಮೇಜಿನ ಮುಂದೆ ಮಾತ್ರ ಹಾಸಿದರೆ ಸಾಕು.