ಟಿಕೆಟ್ಟಿನ ಹಿಂದೆ ಬರೆದ ಸಾಲ

"ನಿಮಗೆ ಅರವತ್ತು, ಇವರಿಗೆ ನಲವತ್ತು. ಇಬ್ರೂ ಹಂಚ್ಕೊಂಬಿಡಿ ಸಾರ್!"

ನೂರರ ನೋಟೊಂದನ್ನು ಕೈಗಿಟ್ಟು ಕಂಡಕ್ಟರು ನಿಂತವರ ನಡುವೆ ಮಾಯವಾಗುತ್ತಾರೆ. ಆ ಗಳಿಗೆಯವರೆಗೆ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದ ಇಬ್ಬರು ಈಗ ಪಾಲುದಾರರು! ಒಬ್ಬರು ನಿವೃತ್ತ ಮೇಷ್ಟರು, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಳಿಯುವವರು. ಇನ್ನೊಬ್ಬ ಬನಶಂಕರಿಗೆ ಹೊರಟ ಕಾಲೇಜು ಹುಡುಗ. ಇಬ್ಬರ ಜೇಬಿನಲ್ಲೂ ಚಿಲ್ಲರೆಯಿಲ್ಲ. ನೋಟು ಯಾರ ಕೈಯಲ್ಲಿರಬೇಕೆಂಬುದೇ ಮೊದಲ ಸಂಕೋಚ. "ನೀವೇ ಇಟ್ಕೊಳ್ಳಿ ಸಾರ್, ದೊಡ್ಡವರು." "ಬೇಡಪ್ಪಾ, ನಿನ್ನ ಹತ್ರಾನೇ ಇರಲಿ." ಕೊನೆಗೆ ನಾಲ್ಕನೇ ಬ್ಲಾಕಿನಲ್ಲಿ ಇಬ್ಬರೂ ಇಳಿದು, ಹೋಟೆಲಿಗೆ ಹೋಗಿ ಕಾಫಿ ಕುಡಿದು ನೋಟು ಮುರಿಸಬೇಕಾಯಿತು. ಹುಡುಗನ ಟಿಕೆಟ್ಟು ಅಲ್ಲಿಗೇ ಮುಗಿಯಿತು. ಕಾಫಿಯ ದುಡ್ಡು ಯಾರು ಕೊಡಬೇಕೆಂದು ಗಲ್ಲಾದ ಮುಂದೆ ಮತ್ತೊಂದು ಜಗಳ.

ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಓಡಾಡಿದವರಿಗೆ ಇದೇನೂ ಹೊಸದಲ್ಲ. 1997ರಲ್ಲಿ ಬಿಎಂಟಿಸಿ ಆಗುವ ಮುಂಚೆ ಈ ಬಸ್ಸುಗಳು ಬಿಟಿಎಸ್. ಆ ಮೂರಕ್ಷರಕ್ಕೆ ಊರಿನ ಜನ ಕೊಟ್ಟಿದ್ದ ಅರ್ಥ 'ಬಿಟ್ರೆ ತಿರ್ಗಾ ಸಿಗೊಲ್ಲ'. ಹೆಸರು ಹೋಯಿತು, ಬಸ್ಸಿನ ಬಣ್ಣ ಬದಲಾಯಿತು, ಹರಿದುಕೊಡುತ್ತಿದ್ದ ಟಿಕೆಟ್ಟಿನ ಜಾಗಕ್ಕೆ ಯಂತ್ರ ಬಂತು. ಚಿಲ್ಲರೆ ಮಾತ್ರ ಬರಲಿಲ್ಲ.

ಕಂಡಕ್ಟರಿಗೆ ಅದಕ್ಕೊಂದು ಉಪಾಯ ಇದ್ದೇ ಇದೆ. ಕೊಡಬೇಕಾದ ಬಾಕಿಯನ್ನು ಟಿಕೆಟ್ಟಿನ ಹಿಂದೆ ಗೀಚಿ, 'ಇಳಿಯುವಾಗ ಇಸ್ಕೊಳ್ಳಿ' ಎನ್ನುವುದು. ಸಹಿಯಿಲ್ಲ, ಸಾಕ್ಷಿಯಿಲ್ಲ, ಬಡ್ಡಿಯಂತೂ ಇಲ್ಲವೇ ಇಲ್ಲ. ಈ ಸಾಲಪತ್ರ ಕೈಯಲ್ಲಿದ್ದವರು ಕಿಟಕಿಯಾಚೆ ಲಾಲ್‌ಬಾಗೇ ಬಂದರೂ ನೋಡುವುದಿಲ್ಲ. ಅವರ ಕಣ್ಣೆಲ್ಲ ಕಂಡಕ್ಟರ ಚರ್ಮದ ಚೀಲದ ಮೇಲೆ. ಪಕ್ಕದವರೂ ನೆನಪಿಸುತ್ತಾರೆ: "ನಿಮ್ಮ ಸ್ಟಾಪ್ ಬಂತು, ಚೇಂಜ್ ಇಸ್ಕೊಂಡ್ರಾ?"

ಕಂಡಕ್ಟರು ಚಿಲ್ಲರೆ ನುಂಗುತ್ತಾರೆಂಬ ದೂರು ಬಸ್ಸಿನಷ್ಟೇ ಹಳೆಯದು. ಅಂಥವರು ಇಲ್ಲವೆನ್ನಲಾಗದು. ಆದರೆ ಅವರ ಕಷ್ಟವೂ ಒಂದಿದೆ. ತನಿಖೆಯವರು ಹತ್ತಿ ಚೀಲ ಎಣಿಸಿದಾಗ, ಹರಿದ ಟಿಕೆಟ್ಟಿಗಿಂತ ಹಣ ಕಡಿಮೆಯಿದ್ದರೂ ತಪ್ಪು, ಹೆಚ್ಚಿದ್ದರೂ ತಪ್ಪು. ಮರೆತು ಇಳಿದುಹೋದ ಪ್ರಯಾಣಿಕನ ಬಾಕಿ ಅವರಿಗೆ ಲಾಭವಲ್ಲ, ಸೆರಗಿನ ಕೆಂಡ.

ದುಡ್ಡಿನ ಇನ್ನೊಂದು ಆಟ ನೋಡಬೇಕಾದರೆ ಸಂಜೆ ಆರರ ಬಸ್ಸನ್ನೇ ಹತ್ತಬೇಕು. ಕಾಲಿಡಲು ಜಾಗವಿಲ್ಲ, ಕಂಡಕ್ಟರು ಹಿಂದಿನ ಬಾಗಿಲಲ್ಲಿ ಸಿಕ್ಕಿಬಿದ್ದಿದ್ದಾರೆ. ಮುಂದೆ ಹತ್ತಿದ ಅಮ್ಮನೊಬ್ಬರು ಐವತ್ತರ ನೋಟನ್ನು ಹಿಂದಕ್ಕೆ ಚಾಚಿ, "ಒಂದು ಕಾರ್ಪೊರೇಷನ್" ಎನ್ನುತ್ತಾರೆ. ನೋಟು ಹತ್ತು ಕೈ ದಾಟುತ್ತದೆ. 'ಕಾರ್ಪೊರೇಷನ್' ಎಂಬ ಮಾತೂ ಅದರ ಜೊತೆಗೇ ಬಾಯಿಂದ ಬಾಯಿಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಟಿಕೆಟ್ಟು, ನೋಟು, ನಾಣ್ಯ ಅದೇ ದಾರಿಯಲ್ಲಿ ವಾಪಸು. ಅಷ್ಟು ಕೈಗಳಲ್ಲಿ ಒಂದೂ ಬೆರಳು ಮಡಚುವುದಿಲ್ಲ. ಅದೇ ಬಸ್ಸಿನಲ್ಲಿ ಜೇಬುಗಳ್ಳನೂ ಇರಬಹುದು. ಬಹುಶಃ ಅವನೂ ನೋಟನ್ನು ನಿಯತ್ತಾಗಿಯೇ ದಾಟಿಸಿರುತ್ತಾನೆ!

2016ರ ನವೆಂಬರಿನಲ್ಲಿ ಐನೂರು, ಸಾವಿರದ ಹಳೆಯ ನೋಟುಗಳು ರದ್ದಾದಾಗ ಚಿಲ್ಲರೆಗೆ ಬಂದ ಬೆಲೆ ಚಿನ್ನಕ್ಕೂ ಇರಲಿಲ್ಲ. ಆಮೇಲೆ ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲವೆಂಬ ಗಾಳಿಸುದ್ದಿ. ರಿಸರ್ವ್ ಬ್ಯಾಂಕೇ ನಡೆಯುತ್ತದೆಂದರೂ ಜನ ಒಪ್ಪಲೊಲ್ಲರು. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಹೆಂಗಸರಿಗೆ ಶೂನ್ಯ ದರದ ಟಿಕೆಟ್ಟು ಬಂದು ಮುಂದಿನ ಬಾಗಿಲ ಐವತ್ತರ ನೋಟಿಗೆ ಬಿಡುವಾಯಿತು. ಗಂಡಸರೋ, ಕ್ಯೂಆರ್ ಚೀಟಿಗೆ ಫೋನು ಹಿಡಿಯುವುದನ್ನು ಕಲಿತರು. ಇನ್ನೇನು ತಂಟೆ ಮುಗಿಯಿತು ಎನ್ನುವಷ್ಟರಲ್ಲಿ, 2025ರ ಜನವರಿಯ ದರ ಏರಿಕೆಯಲ್ಲಿ ಸಾಮಾನ್ಯ ಬಸ್ಸಿನ ಐದು ರೂಪಾಯಿಯ ಕನಿಷ್ಠ ದರ ಆರಾಯಿತು. ಹತ್ತು ಕೊಟ್ಟವರಿಗೆ ನಾಲ್ಕು ಎಲ್ಲಿಂದ ತರುವುದು?

ಫೋನಿನಲ್ಲಿ ದುಡ್ಡು ಕೊಡುವ ಕಾಲ ಬರುವ ಮುಂಚಿನದೊಂದು ಕಥೆಯನ್ನು ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ 335ಇ ಬಸ್ಸಿನವರು ಹೇಳುತ್ತಾರೆ. ರಾಯಚೂರು ಕಡೆಯ ಗಾರೆ ಕೆಲಸದವನೊಬ್ಬ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು, ಬೆಳಗಿನ ಬಸ್ಸು ಹತ್ತಿ ಐನೂರರ ನೋಟು ಕೊಟ್ಟ. ಇದ್ದದ್ದೇ ಅದೊಂದು. ಕಂಡಕ್ಟರು ಟಿಕೆಟ್ಟಿನ ಹಿಂದೆ 475 ಎಂದು ಬರೆದರು. ಆತ ಅಲ್ಲೇ ನಿದ್ದೆಹೋದ. ಮಾರತಹಳ್ಳಿ ಸೇತುವೆಯ ಹತ್ತಿರ ಯಾರೋ ಕೂಗಿದ್ದಕ್ಕೆ ಗಡಬಡಿಸಿ ಎದ್ದು ಗಂಟಿನೊಂದಿಗೆ ಇಳಿದುಬಿಟ್ಟ. ನೆನಪಾಗುವಷ್ಟರಲ್ಲಿ ಬಸ್ಸು ಕಣ್ಮರೆ.

ಆತ ಓಡಲಿಲ್ಲ, ಅಳಲೂ ಇಲ್ಲ. ಹೋದ ಬಸ್ಸು ತಿರುಗಿ ಬರಲೇಬೇಕಲ್ಲ ಎಂದು ರಸ್ತೆ ದಾಟಿ ಎದುರು ಸ್ಟಾಪಿನಲ್ಲಿ ನಿಂತ. ಓದು ಬಾರದು. ಎಳನೀರು ಮಾರುವವನು ಟಿಕೆಟ್ಟು ನೋಡಿ, "335ಇ ಅಂತ ಬರೆದಿದೆ. ಬಂದಾಗ ನಾನೇ ಹೇಳ್ತೀನಿ, ನಿಂತಿರು" ಅಂದ. ಬಂದ ಪ್ರತಿ 335ಇ ಬಸ್ಸಿಗೂ ಆತ ಟಿಕೆಟ್ಟು ಎತ್ತಿ ಹಿಡಿಯುವುದು, "ನನ್ ರೊಕ್ಕ ಅದಾವ್ರೀ ನಿಮ್ ಬಸ್ಸಿನ್ಯಾಗ" ಎನ್ನುವುದು. "ಇದು ನಮ್ಮ ಗಾಡಿ ಅಲ್ಲಪ್ಪಾ, ಹಿಂದೆ ಬರುತ್ತೆ ನೋಡು" ಎಂದು ಅವರು ಹೋಗುವುದು. ಹೀಗೇ ಒಂದೂವರೆ ಗಂಟೆ. ಆ ಹೊತ್ತಿಗೆ ಮೇಸ್ತ್ರಿ ಆಳುಗಳನ್ನು ಆರಿಸಿಕೊಂಡು ಹೋಗಿಯಾಗಿತ್ತು. ಅಂದಿನ ಕೂಲಿಯೂ ಇಲ್ಲ.

ಅತ್ತ ಕಾಡುಗೋಡಿಯಲ್ಲಿ ಚೀಲ ಎಣಿಸಿದ ಕಂಡಕ್ಟರಿಗೆ 475 ರೂಪಾಯಿ ಹೆಚ್ಚು! ಮರಳುವ ದಾರಿಯಲ್ಲಿ ಅವರು ಹತ್ತಿದವರಿಗೆಲ್ಲ ಇದನ್ನೇ ಹೇಳಿದರು. ಮಾರತಹಳ್ಳಿ ಹತ್ತಿರವಾಗುತ್ತಿದ್ದಂತೆ ಅರ್ಧ ಬಸ್ಸು ಕಿಟಕಿಯಾಚೆ ಕಣ್ಣು ನೆಟ್ಟಿತ್ತು. "ಅಗೋ, ಅವನೇ!" ಎಂದು ಒಬ್ಬರು ತೋರಿಸಿದ್ದು ಸೆಕ್ಯುರಿಟಿ ಗಾರ್ಡನ್ನು. ಇನ್ನೊಬ್ಬರು ತೋರಿಸಿದಾತ ತನ್ನನ್ನೇಕೆ ಹೀಗೆ ನೋಡುತ್ತಿದ್ದಾರೆಂದು ಗಾಬರಿಯಾಗಿ ಜಾಗ ಖಾಲಿ ಮಾಡಿದ. ಅಷ್ಟರಲ್ಲಿ ಎಳನೀರಿನವನ ಪಕ್ಕದಿಂದ ಟಿಕೆಟ್ಟು ಹಿಡಿದ ಕೈಯೊಂದು ಮೇಲೆದ್ದಿತು.

"ಎಲ್ಲೋ ಹೋಗಿದ್ದೆ ಮಾರಾಯಾ!" ಎಂದು ಬೈಯುತ್ತಲೇ ಕಂಡಕ್ಟರು ಬಾಗಿಲಲ್ಲಿ ನಿಂತು ಹಣ ಎಣಿಸಿಕೊಟ್ಟರು. ಹಿಂದಿನ ವಾಹನಗಳ ಹಾರ್ನು ಕಿವಿ ಕಿತ್ತುಹೋಗುವಂತಿತ್ತು. ಅವರು ಟಿಕೆಟ್ಟು ಇಸಿದುಕೊಂಡು, 475ರ ಮೇಲೆ ಗೀಟು ಎಳೆದು, ವಾಪಸು ಕೊಟ್ಟು ಸೀಟಿ ಊದಿದರು. ಆತ ಹಣವನ್ನು ಒಳಜೇಬಿಗೆ ಸೇರಿಸಿದ. ಗೀಟು ಬಿದ್ದ ಟಿಕೆಟ್ಟನ್ನೂ ನಾಲ್ಕಾಗಿ ಮಡಚಿ ಅದೇ ಜೇಬಿನಲ್ಲಿಟ್ಟ. ಆಮೇಲೆ ಎಳನೀರಿನವನ ಕಡೆ ತಿರುಗಿ ಎರಡು ಕಾಯಿ ಕೆತ್ತಲು ಹೇಳಿದ, ಒಂದು ತನಗೆ, ಇನ್ನೊಂದು ಅವನಿಗೇ.